ದೊಂಕಾ ಸೊಲುನ್‌ನಲ್ಲಿ ಉಳಿದದ್ದು

ಬೊರೊವೊ ಊರಿನಲ್ಲಿ ದೊಂಕಾಳ ಬಗ್ಗೆ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ. ಹಾಡಿನ ನಡುವೆ ಗಂಡನನ್ನು ವೇದಿಕೆಯಿಂದ ಎಳೆದುಕೊಂಡು ಹೋದವಳು ಎನ್ನುವುದು ಒಂದು. ಕೈಕಾಲು ಬಿದ್ದುಹೋದ ಅದೇ ಗಂಡನನ್ನು ನಾದಿನಿಯ ಪಾಲಿಗೆ ಬಿಟ್ಟು ಗ್ರೀಸಿಗೆ ಹೋದವಳು ಎನ್ನುವುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಈ ಎರಡರ ನಡುವೆ ನಡೆದದ್ದನ್ನು ಹೇಳುವ ಉಸಾಬರಿ ಯಾರಿಗೂ ಬೇಕಾಗಿಲ್ಲ.

ದೊಂಕಾ ಹುಟ್ಟಿದ್ದೂ ಮದುವೆಯಾದದ್ದೂ ಗ್ರೀಸಿನ ಗಡಿಯ ಈಚೆಗಿನ ರೊದೋಪಿ ಬೆಟ್ಟಗಳ ಅದೇ ಊರಿನಲ್ಲಿ. ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಜಿಪ್ಪು ಹಚ್ಚುವುದು ಅವಳ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಜಿಪ್ಪು. ಕಾರ್ಖಾನೆ ಮುಚ್ಚಿದ ಮೇಲೆ ಆಲೂಗಡ್ಡೆ, ಒಂದು ಹಸು, ಮನೆ. ಗಂಡ ಜೆಕೊ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ, ಆದರೆ ಊರಿಗೆಲ್ಲ ಅವನು ಗಾಯ್ದಾ ಜೆಕೊ. ಗಾಯ್ದಾ ಅಂದರೆ ಇಡೀ ಆಡಿನ ಚರ್ಮದ ಚೀಲಕ್ಕೆ ಬಾಯಿಂದ ಗಾಳಿ ತುಂಬಿ, ಕಂಕುಳಲ್ಲಿ ಅದುಮಿಕೊಂಡು ನುಡಿಸುವ ವಾದ್ಯ. ಅವನು ನುಡಿಸಲು ನಿಂತರೆ ಮದುವೆ ಮನೆಯಲ್ಲಿ ಕುಡಿದು ಕೂತ ಗಂಡಸರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಮಾತ್ರ ಅವನು ಮಾತಿಗೆ ಬಡವ, ಸಿಟ್ಟಿಗೆ ಶ್ರೀಮಂತ. ದೊಂಕಾ ಅದನ್ನು ಮದುವೆಯಾದ ಹೊಸತರಲ್ಲೇ ಅರ್ಥ ಮಾಡಿಕೊಂಡು, ಅವನ ಸುತ್ತ ಸದ್ದು ಮಾಡದೆ ಓಡಾಡುವುದನ್ನು ಕಲಿತಿದ್ದಳು.

ಊರ ಕಲಾಮಂದಿರದ ಹಾಡಿನ ತಂಡದಲ್ಲಿ ಜೆಕೊ ಮುಂದೆ, ಅವಳು ಹೆಂಗಸರ ಹಿಂದಿನ ಸಾಲಿನಲ್ಲಿ. ತಂಡದ ಯಜಮಾನಿಕೆ ಅಸ್ಪಾರುಖ್ ಎಂಬುವನದು. ಒಂದು ಕಾಲಕ್ಕೆ ಊರ ಶಾಲೆಯ ಡೈರೆಕ್ಟರ್ ಆಗಿದ್ದ. ಶಾಲೆ ಮುಚ್ಚಿದರೂ ಹೆಸರು ಹೋಗಲಿಲ್ಲ, ಇವತ್ತಿಗೂ ಎಲ್ಲರೂ ಡೈರೆಕ್ಟರ್ ಎಂದೇ ಕರೆಯುತ್ತಾರೆ. ಅಗಲ ಹೆಗಲು, ಬಾಚಿದ ಬಿಳಿ ಕೂದಲು, ಯಾರ ಭುಜದ ಮೇಲಾದರೂ ಸಲೀಸಾಗಿ ಹೋಗಿ ಕೂರುವ ಕೈ.

ಆ ವರ್ಷ ಜೂನ್‌ನಲ್ಲಿ ತಂಡಕ್ಕೆ ಥೆಸಲೊನೀಕಿಯಿಂದ ಕರೆ ಬಂತು. ನಮ್ಮವರು ಅದನ್ನು ಸೊಲುನ್ ಎನ್ನುತ್ತಾರೆ. ಬೆಟ್ಟ ಇಳಿದು ಗಡಿ ದಾಟಿದರೆ ಅರ್ಧ ದಿನದ ದಾರಿ, ಆದರೂ ದೊಂಕಾ ಅದುವರೆಗೆ ಸಮುದ್ರ ನೋಡಿದವಳಲ್ಲ. ಕಡಲಂಚಿನ ಪಾರ್ಕಿನಲ್ಲಿ ವೇದಿಕೆ, ನಾಲ್ಕಾರು ದೇಶದ ತಂಡಗಳು.

ಕಾರ್ಯಕ್ರಮದ ದಿನ ಬೆಳಿಗ್ಗೆ, ಹೋಟೆಲಿನಲ್ಲಿ ಕಾಫಿಗೆ ಕೂತಾಗ ಜೆಕೊನ ಬಲಗೈಯಿಂದ ಚಮಚ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಅವನು ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

"ಏನಾಯ್ತು?" ಎಂದಳು ದೊಂಕಾ.

"ಜೋಮು ಹಿಡ್ದಿದೆ. ರಾತ್ರಿ ಕೈ ಮೇಲೆ ಮಲಗಿದ್ದೆ ಅನ್ಸುತ್ತೆ."

"ಮಾತೂ ಒಂಥರಾ ಬರ್ತಿದೆಯಲ್ರೀ. ಡಾಕ್ಟ್ರಿಗೆ ತೋರ್ಸೋಣ. ಇಷ್ಟು ದೊಡ್ಡ ಊರಲ್ಲಿ ಒಬ್ಬ ಡಾಕ್ಟ್ರು ಸಿಗಲ್ವಾ?"

"ಶುರು ಮಾಡಿದ್ಯಾ? ಸುಮ್ನಿರ್ತೀಯಾ ಇಲ್ವಾ?"

ಸ್ವಲ್ಪ ಹೊತ್ತಿಗೆ ಕೈ ಸರಿಹೋಯಿತು. ಆದರೂ ಅವಳ ಮನಸ್ಸು ಕೇಳಲಿಲ್ಲ, ಡೈರೆಕ್ಟರನ ಹತ್ತಿರ ಹೋದಳು. ಅವಳ ಅವ್ವ ಸತ್ತದ್ದು ಪಾರ್ಶ್ವವಾಯು ಬಡಿದು. ಅದೂ ಹೀಗೇ ಶುರುವಾಗಿತ್ತು. ಅಸ್ಪಾರುಖ್ ಬ್ರೆಡ್ಡಿಗೆ ಜೇನು ಸವರುತ್ತಲೇ ಕೇಳಿದ.

"ದೊಂಕಾ, ಜೆಕೊ ಇಲ್ದೆ ನಾನು ಅಲ್ಲಿ ಏನು ಬಡಿಯೋದು? ಅವನು ಎತ್ತು ಇದ್ದಂಗಿದ್ದಾನೆ. ಸಾಯಂಕಾಲದವರೆಗೂ ಮಲಗ್ಸು, ಎಲ್ಲಾ ಸರಿಹೋಗುತ್ತೆ. ನಿನ್ನ ಭಯಾನ ಅವನಿಗೆ ಅಂಟಿಸ್ಬೇಡ."

ದೊಂಕಾ ಸುಮ್ಮನಾದಳು. ಆ ಬೆಳಿಗ್ಗೆ ಸುಮ್ಮನಾದದ್ದು ತನ್ನ ತಪ್ಪೋ ಅಲ್ಲವೋ ಎಂದು ಆಮೇಲೆ ಎಷ್ಟೋ ಸಲ ತೂಗಿ ನೋಡಿದಳು. ಒಂದು ಸಲವೂ ತಕ್ಕಡಿ ಒಂದೇ ಕಡೆ ನಿಲ್ಲಲಿಲ್ಲ.

ಸಂಜೆ, ಬಿಸಿಲಿನ್ನೂ ಸಮುದ್ರದ ಮೇಲಿರುವಾಗ ಇವರ ಸರದಿ ಬಂತು. ಉಣ್ಣೆಯ ದಪ್ಪ ಉಡುಪು, ಎದೆಯ ಮೇಲೆ ನಾಣ್ಯದ ಸರ, ತಲೆಗೆ ವಸ್ತ್ರ. ಜೆಕೊ ಕಣ್ಣು ಮುಚ್ಚಿ ಉಸಿರು ತುಂಬಿದ. ಮೊದಲ ಹಾಡು ಚೆನ್ನಾಗಿಯೇ ಆಯಿತು. ಎರಡನೆಯದರ ನಡುವೆ ಶ್ರುತಿ ಸ್ವಲ್ಪ ಕುಸಿದಂತೆ ಕೇಳಿತು. ಕೇಳುವವರಿಗೆ ಗೊತ್ತಾಗುವಂಥದ್ದಲ್ಲ, ದೊಂಕಾಳಿಗೆ ಗೊತ್ತಾಯಿತು. ಹಿಂದಿನ ಸಾಲಿನಿಂದ ಅವನ ಬಲಗೆನ್ನೆ ಕಾಣುತ್ತಿತ್ತು. ತುಟಿಯ ಆ ಮೂಲೆಯಿಂದ ಗಾಳಿ ಸೋರುತ್ತಿದೆ, ಜೊಲ್ಲು ಇಳಿಯುತ್ತಿದೆ, ಬಲಗೈ ಬೆರಳುಗಳು ನುಡಿಸುವ ಕೊಳವೆಯ ರಂಧ್ರಗಳ ಮೇಲಿಂದ ಒಂದೊಂದಾಗಿ ಜಾರುತ್ತಿವೆ. ಅವನಿಗೆ ಅದು ಗೊತ್ತೇ ಇಲ್ಲ, ಊದುತ್ತಲೇ ಇದ್ದಾನೆ.

ಅವಳು ಸಾಲು ಬಿಟ್ಟು ಬಂದಳು. ಮುಂದೆ ನಿಂತ ಹೆಂಗಸರನ್ನು ಸರಿಸಿ, ವೇದಿಕೆಯ ಮಧ್ಯಕ್ಕೆ ನಡೆದು, ಗಂಡನ ಬಾಯಿಂದ ಗಾಯ್ದಾದ ಕೊಳವೆ ಕಿತ್ತಳು. ಅವನು ಕಣ್ಣು ತೆರೆದು ನೋಡಿದ. ಆ ನೋಟದಲ್ಲಿ ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಬೈಯಲು ಬಾಯಿ ತೆರೆದ. ಮಾತಿನ ಬದಲು ಏನೋ ತೊದಲು ಬಂತು, ಬಲಗಾಲು ಮಡಚಿಕೊಂಡಿತು. ಅವಳು ಕಂಕುಳಿಗೆ ಕೈ ಕೊಟ್ಟು ಹಿಡಿದಳು. ಜನ ಇದೂ ಆಟದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಅಸ್ಪಾರುಖ್ ಹಲ್ಲು ಕಚ್ಚಿಕೊಂಡೇ ಅಂದ, "ಸಾಲಿಗೆ ಹೋಗು! ಏನ್ ಮಾಡ್ತಿದ್ದೀಯ, ಹುಚ್ಚಿ?"

ಹಿಂದೆ ಜೊತೆಗೆ ನುಡಿಸುತ್ತಿದ್ದ ಇನ್ನೊಬ್ಬ ಗಾಯ್ದಾದವನಿಗೆ ಅವನು ಸನ್ನೆ ಮಾಡಿದ, ಹಾಡು ನಿಲ್ಲಲಿಲ್ಲ. ದೊಂಕಾ ಗಂಡನನ್ನು ಎಳೆದುಕೊಂಡು ವೇದಿಕೆಯ ಹಿಂದಿನ ಬೆಂಚಿಗೆ ಹಾಕಿದಳು. ಹಾಡು ಮುಗಿದ ಕೂಡಲೇ ಅಸ್ಪಾರುಖ್ ಬಂದು ಇಣುಕಿದ.

"ಸೆಕೆ ಅಷ್ಟೇ. ನೀರು ಕುಡ್ಸು. ಇನ್ನೂ ಎರಡು ಹಾಡು ಇದೆ, ಮುಗಿಸ್ಕೊಂಡು ಬರ್ತೀನಿ."

"ಡೈರೆಕ್ಟ್ರೇ, ನೀರು ಒಳಗೆ ಹೋಗ್ತಿಲ್ಲ ನೋಡಿ. ಆಂಬುಲೆನ್ಸ್ ಕರೀರಿ. ನಂಗೆ ಭಾಷೆ ಬರಲ್ಲ."

"ಎರಡು ಹಾಡು ಅಂದ್ನಲ್ಲಾ!"

ಅವನು ಹೋದ. ದೊಂಕಾ ಗಂಡನನ್ನು ಎಡಕ್ಕೆ ಹೊರಳಿಸಿ ಮಲಗಿಸಿದಳು, ಎದೆಯ ಪಟ್ಟಿ ಸಡಿಲಿಸಿದಳು, ಆಮೇಲೆ ನಾಣ್ಯದ ಸರ ಝಣಝಣ ಎನ್ನಿಸುತ್ತ ಪಾರ್ಕಿನ ಹಿಂದಿನ ರಸ್ತೆಗೆ ಓಡಿದಳು. ಸಿಗರೇಟು ಪತ್ರಿಕೆ ಮಾರುವ ಪೆಟ್ಟಿಗೆ ಅಂಗಡಿಯ ಮುದುಕ ಅವಳ ವೇಷ ನೋಡಿ ನಕ್ಕ. ಅವಳು ತನ್ನ ಬಾಯಿಯ ಮೂಲೆಯನ್ನು ಬೆರಳಿಂದ ಕೆಳಗೆ ಎಳೆದು, ಬಲಗೈ ಜೋತುಬಿಟ್ಟು, ಕುಸಿದು ತೋರಿಸಿದಳು. ಮುದುಕನ ನಗು ನಿಂತುಹೋಯಿತು. ಫೋನು ತಿರುಗಿಸಿದ, ಏನೋ ಕೂಗಾಡಿದ, ಕೈ ಚೆಲ್ಲಿದ. ಉತ್ಸವಕ್ಕೆಂದು ಕಡಲಂಚಿನ ರಸ್ತೆ ಮುಚ್ಚಿದ್ದರು, ಆಂಬುಲೆನ್ಸು ಸುತ್ತಿ ಬರಬೇಕು. ಆಗ ಅವನು ಎದುರಿನ ಟ್ಯಾಕ್ಸಿಯವನನ್ನು ಕೂಗಿದ.

ಟ್ಯಾಕ್ಸಿಯವನ ಹೆಸರು ಸಾವ್ವಾಸ್. ದಪ್ಪ ಮೀಸೆ, ದೊಡ್ಡ ಹೊಟ್ಟೆ. ಮೂಲದಿಂದ ಗ್ರೀಕನಾದರೂ ಹುಟ್ಟಿ ಬೆಳೆದದ್ದು ರಷ್ಯಾದ ಕಡೆ. ದೊಂಕಾಳ ಬಾಯಿಂದ ಗಾಬರಿಯಲ್ಲಿ ಶಾಲೆಯಲ್ಲಿ ಕಲಿತ ರಷ್ಯನ್ ತಾನಾಗಿ ಬಂತು.

"ಗಂಡ... ಬಿದ್ದಿದ್ದಾನೆ... ಅರ್ಧ ಮೈ!"

"ಅರ್ಧ ಮೈನಾ? ಅಳ್ಬೇಡ ಕಣಕ್ಕ, ಎಲ್ಲಿದ್ದಾನೆ ತೋರ್ಸು ನಡಿ," ಎಂದು ಅವನೂ ಅದೇ ಭಾಷೆಯಲ್ಲಿ ಅಂದ. ಸೊಲುನ್‌ನಲ್ಲಿ ಅವಳಿಗೆ ಅರ್ಥವಾದ ಮೊದಲ ಮಾತು ಅದು.

ಇಬ್ಬರೂ ಸೇರಿ ಜೆಕೊನನ್ನು ಹಿಂದಿನ ಸೀಟಿಗೆ ಹಾಕಿದರು. ಗಾಯ್ದಾ ಭುಜದ ಪಟ್ಟಿಗೆ ಸಿಕ್ಕಿಕೊಂಡು ಅವನ ಜೊತೆಗೇ ಬಂತು. ವೇದಿಕೆಯ ಮೇಲೆ ಇವರ ತಂಡ ಕುಣಿತದ ಹಾಡು ಶುರುಮಾಡಿತ್ತು.

ಸೊಲುನ್‌ನಲ್ಲಿ ಎಲ್ಲ ಆಸ್ಪತ್ರೆಯೂ ಎಲ್ಲ ದಿನ ಇಂಥವರನ್ನು ತೆಗೆದುಕೊಳ್ಳುವುದಿಲ್ಲ, ದಿನಕ್ಕೊಂದರ ಸರದಿ. ಸಾವ್ವಾಸ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ರೇಡಿಯೋದಲ್ಲಿ ಗೆಳೆಯರನ್ನು ಕೇಳುತ್ತಿದ್ದ. "ಇವತ್ತು ಯಾರ್ದು ಪಾಳಿ? ಯಾರಿಗಾದ್ರೂ ಗೊತ್ತೇನ್ರೋ?" ಉತ್ತರ ಬಂದದ್ದು ಊರಿನ ಮತ್ತೊಂದು ತುದಿಯ ಆಸ್ಪತ್ರೆಯ ಹೆಸರು. ಅವನು ಬೈದುಕೊಂಡು ಗಾಡಿ ತಿರುಗಿಸಿದ. ದೊಂಕಾ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು, ಬಾಯಿ ಒರೆಸುತ್ತ, ಕಿಟಕಿಯಾಚೆ ಹರಿದುಹೋಗುತ್ತಿದ್ದ ಓದಲು ಬಾರದ ಬೋರ್ಡುಗಳನ್ನು ನೋಡುತ್ತಿದ್ದಳು. ಜೆಕೊ ಎಡಗೈಯಿಂದ ಅವಳ ಕೈಯನ್ನು ತಳ್ಳುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಸಾವ್ವಾಸ್ ಗಾಡಿ ಪಕ್ಕಕ್ಕೆ ಹಾಕಲು ಹೋದಾಗಲೇ ಎಡವಟ್ಟಾಯಿತು. ಹರೆಯದ ಡಾಕ್ಟರಮ್ಮ ಮಾತ್ರೆ ನುಂಗುವಂತೆ ಸನ್ನೆ ಮಾಡಿ, ರಕ್ತನಾಳ ತೋರಿಸಿ ಏನೋ ಕೇಳಿದಳು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಾನಾ ಎಂಬುದು ಪ್ರಶ್ನೆ; ತೆಗೆದುಕೊಳ್ಳುತ್ತಿದ್ದರೆ ಹೆಪ್ಪು ಕರಗಿಸುವ ಸೂಜಿ ಚುಚ್ಚುವಂತಿಲ್ಲ. ಜೆಕೊ ಜನ್ಮದಲ್ಲಿ ಮಾತ್ರೆ ಮುಟ್ಟಿದವನಲ್ಲ. "ನೆ! ನೆ!" ಎಂದಳು ದೊಂಕಾ. ನಮ್ಮೂರ ಭಾಷೆಯಲ್ಲಿ ನೆ ಅಂದರೆ ಇಲ್ಲ. ಗ್ರೀಕರಿಗೆ ನೆ ಅಂದರೆ ಹೌದು. ಡಾಕ್ಟರಮ್ಮ ಸೂಜಿ ಕೆಳಗಿಟ್ಟಳು. ಅವಳು ಸೂಜಿ ಇಟ್ಟದ್ದು ನೋಡಿ ದೊಂಕಾ ಇನ್ನೂ ಜೋರಾಗಿ "ನೆ, ನೆ, ನೆ!" ಎಂದು ತಲೆ ಹಿಂದಕ್ಕೆ ಎಸೆದಳು; ಅದು ಎರಡೂ ಕಡೆಯವರಿಗೆ ಇಲ್ಲ ಎನ್ನುವ ಸನ್ನೆ. ಬಾಯಿ ಹೌದೆನ್ನುತ್ತದೆ, ತಲೆ ಇಲ್ಲವೆನ್ನುತ್ತದೆ. ಅವಳು ಕಿರುಚಿದಳು, ಇವಳೂ ಕಿರುಚಿದಳು. ಸಾವ್ವಾಸ್ ಏದುಸಿರು ಬಿಡುತ್ತ ಬಂದು ಗಂಟು ಬಿಡಿಸುವವರೆಗೆ ಜೆಕೊ ಹಾಗೇ ಬಿದ್ದಿದ್ದ.

"ಯಾವಾಗ ಶುರುವಾಯ್ತು ಅಂತ ಕೇಳ್ತಿದ್ದಾರೆ," ಎಂದ ಸಾವ್ವಾಸ್.

ದೊಂಕಾ ಹಾಡಿನದನ್ನು ಹೇಳಿದಳು. ಬೆಳಗಿನ ಚಮಚದ್ದನ್ನೂ ಹೇಳಿದಳು. ಡಾಕ್ಟರಮ್ಮ ಒಂದು ಮಾತು ಹೇಳಿ ಜೆಕೊನ ಗಾಲಿಮಂಚದ ಜೊತೆ ಒಳಗೆ ಹೋದಳು. ಸಾವ್ವಾಸ್ ಮೀಸೆ ತೀಡುತ್ತ ನಿಂತ.

"ಏನಂದ್ರು?"

"ಏನಿಲ್ಲ ಬಿಡಕ್ಕ."

"ಹೇಳಪ್ಪಾ."

"ಬೆಳಗ್ಗೇನೇ ಕರ್ಕೊಂಡು ಬರ್ಬೇಕಿತ್ತು ಅಂದ್ರು."

ಅವನು ಪಾರ್ಕಿಗೆ ಹೋಗಿ ತಂಡದವರಿಗೆ ಸುದ್ದಿ ಮುಟ್ಟಿಸುತ್ತೇನೆಂದು ಹೊರಟ. ಅವಳ ಬಟ್ಟೆ, ಫೋನು, ಗುರುತಿನ ಚೀಟಿ ಎಲ್ಲ ತಂಡದ ಬಸ್ಸಿನಲ್ಲೇ ಇತ್ತು. ಹೋಟೆಲಿನ ಹೆಸರು ಗೊತ್ತಿರಲಿಲ್ಲ, ಪಕ್ಕದಲ್ಲೊಂದು ಬೇಕರಿ ಇತ್ತೆಂಬುದಷ್ಟೇ ನೆನಪು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕಸೂತಿ ಬಟ್ಟೆ, ನಾಣ್ಯದ ಸರ ತೊಟ್ಟು, ಗಾಯ್ದಾ ತಬ್ಬಿಕೊಂಡು ಕೂತವಳನ್ನು ಹೋಗಿ ಬರುವವರೆಲ್ಲ ಮ್ಯೂಸಿಯಮ್ಮಿನಿಂದ ತಪ್ಪಿಸಿಕೊಂಡು ಬಂದ ಗೊಂಬೆಯಂತೆ ನೋಡುತ್ತಿದ್ದರು. ತಂಡದವರು ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಅವಳು ಬಾಗಿಲು ನೋಡಿದಳು. ಯಾರೂ ಬರಲಿಲ್ಲ.

ಮಾರನೆಯ ದಿನ ಮುಂಜಾನೆ ಅಸ್ಪಾರುಖ್ ಬಂದ. ಜೆಕೊ ಉಳಿದಿದ್ದ; ಬಲಗಡೆಯ ಮೈ, ಮಾತು ಎರಡೂ ಹೋಗಿದ್ದವು. ಅಲ್ಲಿಯವರೆಗೂ ಕಣ್ಣು ಬಿಟ್ಟಿರಲಿಲ್ಲ. ಅಸ್ಪಾರುಖ್ ಹಾಸಿಗೆಯ ಮೇಲೆ ಬಾಗಿ, ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ಜೆಕೊ, ನನ್ನ ಹುಲೀ! ಏನೂ ಆಗಿಲ್ಲ. ನಾನಿದ್ದೀನಿ ಕಣೋ. ನಾವೆಲ್ಲ ಇದ್ದೀವಿ."

ಜೆಕೊ ಕಣ್ಣು ಬಿಟ್ಟದ್ದು ಆಗಲೇ. ಕಂಡ ಮುಖ ಡೈರೆಕ್ಟರನದು. ಆ ಕಣ್ಣಿಂದ ನೀರು ಇಳಿಯಿತು, ಮತ್ತೆ ಮುಚ್ಚಿಕೊಂಡಿತು.

ಅಸ್ಪಾರುಖ್ ಸೊಂಟ ನೆಟ್ಟಗೆ ಮಾಡಿದ. ದೊಂಕಾಳ ಚೀಲ, ಅರ್ಧ ಬ್ರೆಡ್ಡು, ಒಂದು ಡಬ್ಬಿ ಚೀಸು, ಗುರುತಿನ ಚೀಟಿಗಳನ್ನು ಕುರ್ಚಿಯ ಮೇಲಿಟ್ಟ.

"ಬಸ್ ಕೆಳಗೆ ನಿಂತಿದೆ. ಡ್ರೈವರ್ ಬೇರೆ ಗೊಣಗ್ತಿದ್ದಾನೆ. ನಾಳೆ ಪ್ಲೋವ್‌ದಿವ್‌ನಲ್ಲಿ ಕಾರ್ಯಕ್ರಮ ಒಪ್ಕೊಂಡಿದ್ದೀವಿ, ನಿಂಗೂ ಗೊತ್ತಲ್ಲ. ಗಾಯ್ದಾ ಎಲ್ಲಿ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಮಂಚದ ಕೆಳಗಿದೆ."

"ಅದು ಕಲಾಮಂದಿರದ್ದು. ಅವನ ಅಂಗಿ?"

"ಕತ್ತರೀಲಿ ಕತ್ತರಿಸಿ ಹಾಕಿದ್ರು. ಬಿಚ್ಚೋಕೆ ಟೈಮ್ ಇರ್ಲಿಲ್ಲ."

"ಅಯ್ಯೋ! ಮುತ್ತಾತನ ಕಾಲದ ಕಸೂತಿ ಕಣೇ ಅದು. ಹೇಳ್ಬಾರ್ದಾಗಿತ್ತಾ ಅವರಿಗೆ?" ಅವನಿಗೆ ನಿಜವಾಗಿಯೂ ನೋವಾಗಿತ್ತು. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿದ. "ನೀನೂ ಬದಲಾಯಿಸ್ಕೊಂಡು ಬಂದ್ಬಿಡು. ಇದಾದ್ರೂ ಉಳೀಲಿ. ಬೇರೆಯವ್ರಿಗೆ ಹಾಕ್ಬೇಕು."

ದೊಂಕಾ ಕಾರಿಡಾರಿನ ಕೊನೆಯ ಶೌಚಾಲಯಕ್ಕೆ ಹೋಗಿ ಒಂದೊಂದೇ ಬಿಚ್ಚಿದಳು. ಸೊಂಟಪಟ್ಟಿ, ಮುಂಬಟ್ಟೆ, ನಾಣ್ಯದ ಸರ. ಮಡಚಿ ತಂದುಕೊಟ್ಟಳು. ಅವನು ಅವಳ ಭುಜ ತಟ್ಟಿ ಹೊರಟುಹೋದ. ಕಿಟಕಿಯಿಂದ ನೋಡಿದರೆ ಬಸ್ಸಿನೊಳಗೆ ಇವಳ ಜೊತೆ ಹಾಡುತ್ತಿದ್ದ ಹೆಂಗಸರು ಕಾಣುತ್ತಿದ್ದರು. ಯಾರೂ ಇಳಿಯಲಿಲ್ಲ. ಇಬ್ಬರು ಕೈ ಬೀಸಿದರು.

ಪಕ್ಕದ ಮಂಚದ ಮುದುಕನನ್ನು ಕೂಲಿಗೆ ನೋಡಿಕೊಳ್ಳುತ್ತಿದ್ದವಳು ಲಮಾರಾ ಎಂಬ ಜಾರ್ಜಿಯಾದ ಹೆಂಗಸು. ಬಾಯಿ ಜೋರು, ಕೈ ಮೃದು. ಎಲ್ಲವನ್ನೂ ನೋಡುತ್ತ ಕೂತಿದ್ದವಳು ರಷ್ಯನ್‌ನಲ್ಲಿ ಕೇಳಿದಳು.

"ಯಾರೇ ಅವನು? ಅಣ್ಣನಾ?"

"ನಮ್ಮ ಡೈರೆಕ್ಟರ್."

"ಕಾಯಿಲೆಯವನ್ನ ನೋಡೋಕೆ ಬಂದವನು ನಿನ್ನ ಮೈಮೇಲಿನ ಬಟ್ಟೆ ಬಿಚ್ಚಿಸ್ಕೊಂಡು ಹೋದ್ನಲ್ಲೇ!"

ದೊಂಕಾಳಿಗೆ ನಗು ಬಂತು. ನಗು ಅರ್ಧಕ್ಕೆ ತಿರುಗಿ ಅಳುವಾಯಿತು. ಲಮಾರಾ ಅವಳನ್ನು ಅಳಲು ಬಿಟ್ಟಳು, ಆಮೇಲೆ ಎಬ್ಬಿಸಿದಳು. "ಸಾಕು, ಬಾ ಈಗ. ಹೊರಳಿಸೋದು ಹೇಗೆ ಅಂತ ತೋರಿಸ್ತೀನಿ. ಬೆನ್ನು ಹುಣ್ಣಾದ್ರೆ ಡೈರೆಕ್ಟರ್ ಬರಲ್ಲ."

ಆ ಬೇಸಿಗೆಯ ಬಹುಪಾಲು ದೊಂಕಾ ಸೊಲುನ್‌ನಲ್ಲೇ ಕಳೆದಳು. ಹೊರಳಿಸುವುದು, ಗಂಜಿ ಮಂದ ಮಾಡಿ ಗಂಟಲಿಗೆ ಸಿಕ್ಕದಂತೆ ಕೂರಿಸಿ ಉಣಿಸುವುದು, ಸತ್ತ ಕೈಯನ್ನು ದಿನವೂ ಮಡಚಿ ಬಿಡಿಸುವುದು ಎಲ್ಲ ಕಲಿತಳು. ಕುರ್ಚಿಯಲ್ಲೇ ನಿದ್ದೆ. ಸಾವ್ವಾಸ್ ಆಗಾಗ ಹೆಂಡತಿ ಮಾಡಿದ ಬೀನ್ಸಿನ ಸಾರು ತಂದುಕೊಟ್ಟು, ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ಕೊನೆಗೆ ಅವನೇ ಸೀಟು ಚಪ್ಪಟೆ ಮಾಡಿ ಜೆಕೊನನ್ನು ಗಡಿಯವರೆಗೆ ತಂದ. ಅಲ್ಲಿಂದಾಚೆಗೆ ಜೆಕೊನ ಜೊತೆ ಲಾರಿ ಓಡಿಸುತ್ತಿದ್ದ ಹಳೆಯ ಗೆಳೆಯನೊಬ್ಬ ಬಂದು ಕರೆದೊಯ್ದ.

ಅಷ್ಟರಲ್ಲಿ ಊರಿನಲ್ಲಿ ಕಥೆ ಬೆಳೆದು ಗಟ್ಟಿಯಾಗಿತ್ತು. ಜೆಕೊಗೆ ಸೆಕೆಗೆ ಸ್ವಲ್ಪ ತಲೆ ಸುತ್ತಿತ್ತಂತೆ, ದೊಂಕಾ ನಡುವೆ ನುಗ್ಗಿ ಎಳೆದಾಗ ಗಾಬರಿಗೆ ಪಾರ್ಶ್ವವಾಯು ಬಡಿಯಿತಂತೆ, ಡೈರೆಕ್ಟರ್ ಓಡಾಡಿ ಆಸ್ಪತ್ರೆಗೆ ಸೇರಿಸಿದರಂತೆ. ದೊಂಕಾ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವಳು ನಡೆದದ್ದನ್ನು ಹೇಳಿದಳು. ಬಸ್ಸಿನಲ್ಲಿದ್ದ ಹೆಂಗಸರು ನೆಲ ನೋಡುತ್ತ, "ಇರ್ಬಹುದು ಬಿಡೆ, ನಾವು ಹಾಡ್ತಿದ್ವಲ್ಲ, ಹಿಂದೆ ಏನಾಯ್ತೋ ಕಾಣ್ಲಿಲ್ಲ," ಎಂದರು.

ಆ ಮಾತುಗಳನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಮನೆಯೊಳಗಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಜೆಕೊಗೆ ಒಂದೊಂದೇ ಮಾತು ಮರಳಿತು. ಒಂದು ಬೆಳಿಗ್ಗೆ ಗಂಜಿ ಉಣಿಸುತ್ತಿದ್ದವಳನ್ನು ದಿಟ್ಟಿಸಿ, ತುಟಿ ಹೊಂದಿಸಿಕೊಂಡು, ಅವನು ಹೇಳಿದ ಮೊದಲ ಮಾತು, "ಕಿತ್ತೆ."

"ಏನಂದ್ರಿ?"

"ನೀನು. ಕಿತ್ತೆ."

ಅವನಿಗೆ ನೆನಪಿದ್ದದ್ದು ಎರಡೇ. ತುಂಬಿದ ಸಭೆಯಲ್ಲಿ ಹೆಂಡತಿಯ ಕೈ ಬಾಯಿಂದ ಗಾಯ್ದಾ ಕಿತ್ತದ್ದು, ಆಮೇಲೆ ಕತ್ತಲೆ, ಆಮೇಲೆ ಕಣ್ಣು ಬಿಟ್ಟರೆ ಕೈ ಹಿಡಿದು ನಿಂತ ಡೈರೆಕ್ಟರ್. ಆ ಕತ್ತಲೆಯಲ್ಲಿ ಅವಳು ಓಡಿದ್ದು, ಕಿರುಚಿದ್ದು, ಟ್ಯಾಕ್ಸಿ, ಕುರ್ಚಿಯ ನಿದ್ದೆ ಯಾವುದೂ ಅವನ ಪಾಲಿಗೆ ನಡೆದೇ ಇರಲಿಲ್ಲ. ಅವಳು ಕೂತು ವಿವರಿಸಿದಳು. ಬೆಳಗಿನ ಚಮಚದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಮುಖವನ್ನು ಗೋಡೆಗೆ ತಿರುಗಿಸಿದ. ಮತ್ತೊಂದು ದಿನ ಹೇಳಿದಳು. ಗೋಡೆಗೆ ತಿರುಗಿಸಿದ.

ವಸಂತದಲ್ಲಿ ಟಿವಿಯವರು ತಂಡದ ಮೇಲೆ ಕಾರ್ಯಕ್ರಮ ಮಾಡಲು ಬಂದರು. ಅಸ್ಪಾರುಖ್ ಜೆಕೊನನ್ನು ಕಲಾಮಂದಿರಕ್ಕೆ ಕರೆಸಿ ತನ್ನ ಪಕ್ಕ ಕೂರಿಸಿಕೊಂಡ. ದೊಂಕಾ ಬಾಯೊರೆಸುವ ಬಟ್ಟೆ ಹಿಡಿದು ಕುರ್ಚಿಯ ಹಿಂದೆ ನಿಂತಿದ್ದಳು. ಮೈಕು ಹಿಡಿದ ಹುಡುಗಿ ಮೃದುವಾಗಿ ಕೇಳಿದಳು.

"ಅಂಕಲ್, ಆ ಗೊತ್ತಿಲ್ಲದ ಊರಲ್ಲಿ ನಿಮ್ಮ ಜೀವ ಉಳಿಸಿದ್ದು ಯಾರು?"

ಜೆಕೊ ಎಡಗೈ ಎತ್ತಿದ. ಬೆರಳು ಅಸ್ಪಾರುಖ್‌ನ ಎದೆಯ ಕಡೆ ತಿರುಗಿತು. "ಡೈರೆಕ್ಟರ್," ಎಂದ. ಆ ಪದ ಮಾತ್ರ ತೊದಲಿಲ್ಲ.

ಅಸ್ಪಾರುಖ್ ತಲೆ ತಗ್ಗಿಸಿದ. "ನಮ್ಮ ಕರ್ತವ್ಯ ಅಷ್ಟೇ," ಎಂದ. ಹುಡುಗಿಯ ಕಣ್ಣು ಒದ್ದೆಯಾಯಿತು. ಕ್ಯಾಮೆರಾದವನು ದೊಂಕಾಳಿಗೆ ಸ್ವಲ್ಪ ಆಚೆ ಸರಿಯಲು ಸನ್ನೆ ಮಾಡಿದ, ಅವಳ ನೆರಳು ಬೀಳುತ್ತಿತ್ತು. ಅವಳು ಸರಿದಳು.

ಮನೆಗೆ ಬಂದು ಉಣಿಸಿದಳು, ಬಾಯಿ ಒರೆಸಿದಳು, ಮಗ್ಗುಲಿಗೆ ಹೊರಳಿಸಿ ದಿಂಬು ಕೊಟ್ಟಳು. ಮಾರನೆಯ ದಿನ ನಾದಿನಿ ವಿದಾಳ ಮನೆಗೆ ಹೋದಳು. ವಿದಾ ಗಂಡ ಸತ್ತವಳು, ಕೆಳಗಿನ ಕೇರಿಯಲ್ಲಿ ಒಬ್ಬಳೇ ಇದ್ದಳು. ಅಣ್ಣನ ಮೇಲೆ ಅವಳಿಗೆ ಪ್ರಾಣ. ದೊಂಕಾಳಿಗೆ ನೋಡಿಕೊಳ್ಳಲು ಬರುವುದಿಲ್ಲ ಎಂದು ಕಂಡವರ ಮುಂದೆಲ್ಲ ಹೇಳುತ್ತಿದ್ದವಳು ಅವಳೇ.

"ವಿದಾ, ಬಂದು ನಿನ್ನ ಅಣ್ಣನ್ನ ನೋಡ್ಕೋ. ನಾನು ಸೊಲುನ್‌ಗೆ ಕೆಲಸಕ್ಕೆ ಹೋಗ್ತೀನಿ. ತಿಂಗಳು ತಿಂಗಳು ದುಡ್ಡು ಕಳಿಸ್ತೀನಿ, ನಿಂಗೂ ಸೇರಿಸಿ."

"ಕೈಕಾಲು ಬಿದ್ದ ಗಂಡನ್ನ ಬಿಟ್ಟು ಹೋಗ್ತೀಯಾ? ಜನ ಏನಂತಾರೆ?"

"ಈಗೇನಂತಿದ್ದಾರೋ ಅದನ್ನೇ ಅಂತಾರೆ. ಬಾ, ಹೊರಳಿಸೋದು ಹೇಗೆ ಅಂತ ತೋರಿಸ್ತೀನಿ."

ವಿದಾಗೆ ಒಂದು ವಾರ ಎಲ್ಲ ಕಲಿಸಿಕೊಟ್ಟಳು. ಹೊರಡುವ ದಿನ ಜೆಕೊನ ಮಂಚದ ಬಳಿ ನಿಂತು, "ಹೋಗಿ ಬರ್ತೀನಿ," ಎಂದಳು. ಅವನು ಗೋಡೆ ನೋಡುತ್ತಿದ್ದ. ಅವಳು ಚೀಲ ಎತ್ತಿಕೊಂಡಳು.

ಲಮಾರಾ ಅವಳಿಗೆ ಅದೇ ಆಸ್ಪತ್ರೆಯ ಹತ್ತಿರ ಒಬ್ಬ ಮುದುಕನ ಮನೆಯಲ್ಲಿ ಕೆಲಸ ಕೊಡಿಸಿದಳು. ಮುದುಕ ಅವಳನ್ನು ಹಿಂದೆ ಇದ್ದ ಕೆಲಸದವಳ ಹೆಸರಿನಿಂದಲೇ ಕರೆಯುತ್ತಾನೆ, ಅವಳು ತಿದ್ದುವುದಿಲ್ಲ. ಗ್ರೀಕ್ ಸಾಕಷ್ಟು ಬರುತ್ತದೆ. ನೆ ಅನ್ನುವಾಗ ಮಾತ್ರ ಇವತ್ತಿಗೂ ಒಂದು ಕ್ಷಣ ತಡವರಿಸುತ್ತಾಳೆ. ಆ ಸಂಜೆ ಆ ಒಂದು ಶಬ್ದದಲ್ಲಿ ಕಳೆದುಹೋದ ಹೊತ್ತಿನಲ್ಲೇ ಜೆಕೊನ ಬಲಗೈ ಸತ್ತಿತೇನೋ ಎಂಬ ಸಂಶಯ ಅವಳನ್ನು ಬಿಟ್ಟಿಲ್ಲ. ಅದನ್ನು ಅವಳು ಲಮಾರಾಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. "ನಿಮ್ಮನ್ನ ಬಿಟ್ಟು ಬಸ್ಸು ಹತ್ತಿ ಹೋದವರಿಗೆ ನಿದ್ದೆ ಬರುತ್ತೆ, ನಿಂಗ್ಯಾಕೆ ಬರಲ್ಲ?" ಎಂದಿದ್ದಳು ಲಮಾರಾ.

ಈಸ್ಟರ್‌ಗೆ ಊರಿಗೆ ಬರುತ್ತಾಳೆ. ಜೆಕೊ ಅವಳ ಕೈಯಿಂದ ಉಣ್ಣುವುದಿಲ್ಲ, ವಿದಾ ಬಂದೇ ಉಣಿಸಬೇಕು. ಕಳೆದ ಸಲ ಚರ್ಚಿನ ಅಂಗಳದಲ್ಲಿ ಅಸ್ಪಾರುಖ್ ಎಲ್ಲರೆದುರು ಅವಳ ಭುಜದ ಮೇಲೆ ಕೈ ಹಾಕಿದ.

"ನೋಡ್ರಪ್ಪಾ ನಮ್ಮ ದೊಂಕಾನ, ಹೆಂಗೆ ಮಿಂಚ್ತಿದ್ದಾಳೆ! ಸೊಲುನ್ ತೋರ್ಸಿದ್ದು ಯಾರು? ನಮ್ಮ ತಂಡ!"

"ಹೌದು ಡೈರೆಕ್ಟ್ರೇ," ಎಂದಳು ದೊಂಕಾ. "ನೀವು ಅಲ್ಲೇ ಬಿಟ್ಟು ಬರ್ದೇ ಇದ್ದಿದ್ರೆ ನಾನೆಲ್ಲಿ ನೋಡ್ತಿದ್ದೆ?"

ಜನ ನಕ್ಕರು. ಅಸ್ಪಾರುಖ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಭುಜದ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಮೋಂಬತ್ತಿ ಕೊಳ್ಳಲು ಒಳಗೆ ಹೋದಳು.